ನಾಲ್ಕನೇ ನಂಬರಿನ ಬಸ್ಸನ್ನು ನಾನು ತುಂಡು ಮಾಡಿದ್ದು

ನಮ್ಮ ಕಾರ್ಖಾನೆಯ ನಾಲ್ಕನೇ ನಂಬರಿನ ಬಸ್ಸು ಬೊರಿವಲಿಯಿಂದ ಬೆಳಗಿನ ಐದು ನಲವತ್ತಕ್ಕೆ ಹೊರಟು, ಏಳರ ಪಾಳಿಗೆ ಮುಂಚೆ ವಿಕ್ರೋಳಿಯ ಗೇಟು ಮುಟ್ಟುತ್ತದೆ. ಒಂಬತ್ತು ವರ್ಷದಿಂದ ನಾನು ಆ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಒಂಬತ್ತು ವರ್ಷದಿಂದ ಆ ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದೆ. ಮೊದಲ ನಿಲ್ದಾಣದಲ್ಲಿ ಹತ್ತುವವಳು ನಾನು. ಎಡಗಡೆಯ ಮೂರನೇ ಕಿಟಕಿ, ತಲೆಯ ಮೇಲೆ ದುಪಟ್ಟಾ, ಗೇಟಿನ ಮುಂದಿನ ಸ್ಪೀಡ್ ಬ್ರೇಕರಿಗೆ ಎಚ್ಚರ. ನಡುವೆ ಬಸ್ಸು ಎಲ್ಲಿ ನಿಂತಿತು, ಯಾರು ಹತ್ತಿದರು, ಯಾರು ಯಾರನ್ನು ಬೈದರು, ಒಂದೂ ತಿಳಿಯದು. ಇಂಥವಳ ಕೈಗೆ ಆ ಬಸ್ಸಿನ ದಾರಿಯನ್ನೇ ಒಪ್ಪಿಸಿದರು.

ಆಡಳಿತ ವಿಭಾಗದ ಮ್ಯಾನೇಜರಿಗೆ ಒಂದು ಆ್ಯಪ್ ಬೇಕಾಗಿತ್ತು. ಪ್ರತಿ ಡ್ರೈವರನ ಮುಂದೆ ಒಂದು ಟ್ಯಾಬ್ಲೆಟ್. ಅದು ಹೇಳಿದಲ್ಲಿ ನಿಲ್ಲಬೇಕು, ಅದು ಹೇಳಿದಾಗ ಹೊರಡಬೇಕು. ಅದಕ್ಕೆ ಪ್ರತಿಯೊಂದು ನಿಲ್ದಾಣವೂ ಡೇಟಾಬೇಸಿನಲ್ಲಿ ತನ್ನದೇ ಒಂದು ಸಾಲಿನಲ್ಲಿ ಇರಬೇಕು. ಇದ್ದದ್ದು ಹೇಗೆಂದರೆ, ಒಂದು ಬಸ್ಸಿಗೆ ಒಂದೇ ಸಾಲು, ಆ ಸಾಲಿನ ಒಂದೇ ಅಂಕಣದಲ್ಲಿ ಬೊರಿವಲಿಯಿಂದ ವಿಕ್ರೋಳಿಯವರೆಗೆ ಅಷ್ಟೂ ಊರು. ನಡುನಡುವೆ ಅಲ್ಪವಿರಾಮ, ಕೆಲವು ಕಡೆ ಅಡ್ಡಗೆರೆ, ಒಂದೆರಡು ಕಡೆ ಒಂದರ ಬೆನ್ನಿಗೆ ಒಂದು ಎರಡು ಅಲ್ಪವಿರಾಮ. ಇಪ್ಪತ್ತಾರು ಬಸ್ಸು, ಇಪ್ಪತ್ತಾರು ಉದ್ದುದ್ದ ಸರಗಳು. ಅವನ್ನು ಒಡೆದು ಮಣಿಮಣಿಯಾಗಿ ಬೇರೆ ಮಾಡುವ ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಯನ್ನು, ಕಂಪ್ಯೂಟರ್ ವಿಭಾಗದ ನಾನು ಬರೆಯಬೇಕು.

ಈ ಸರಗಳನ್ನು ಪೋಣಿಸಿದವರು ಸಾರಿಗೆ ಮೇಜಿನ ಕಾಕಾ. ಗೇಟಿನ ಪಕ್ಕ ತಗಡಿನ ಮಾಡಿನ ಕೆಳಗೆ ಒಂದು ಮೇಜು, ಒಂದು ಫೋನು, ಒಂದು ಹಳೆಯ ಕಂಪ್ಯೂಟರು, ಅದರ ಮೇಲೆ ಒಂದೇ ಬೆರಳು. ವಿಜಯಪುರ ಜಿಲ್ಲೆಯವರು. ಕಾರ್ಖಾನೆಗೆ ಕಾರ್ಖಾನೆಯೇ ಅವರನ್ನು ಕಾಕಾ ಎನ್ನುತ್ತದೆ, ಮ್ಯಾನೇಜರನೂ ಸೇರಿ. ನಾನು ಧಾರವಾಡದವಳೆಂದು ತಿಳಿದ ದಿನದಿಂದ ಅವರು ನನಗೆ ಮೇಡಂ ಅನ್ನುವುದನ್ನು ಬಿಟ್ಟು, ನಮ್ಮ ಕಡೆಯ ಮರ್ಯಾದೆಯಂತೆ ಬಾಯಾರ ಎಂದು ಕರೆಯತೊಡಗಿದ್ದರು. ಆ ಮರ್ಯಾದೆಯನ್ನು ನಾನು ಉಳಿಸಿಕೊಳ್ಳಲಿಲ್ಲ. ಅಂಕಣ ತೆರೆದು ನೋಡಿದವಳೇ ಸಿಟ್ಟಿನಿಂದ ಅವರ ಮೇಜಿಗೆ ಹೋದೆ. ಮ್ಯಾನೇಜರನೂ ಅಲ್ಲೇ ನಿಂತಿದ್ದ.

"ಕಾಕಾ, ಇದೇನ್ರಿ ಇದು? ಒಂದs ಖಾನೆದಾಗ ಹದಿನಾಲ್ಕು ಊರು ತುಂಬೀರಿ!"

ಕಾಕಾ ಕನ್ನಡಕದ ಮೇಲಿನಿಂದ ನೋಡಿದರು. "ಮುಂಬೈದಾಗ ಒಂದ ಖೋಲ್ಯಾಗ ಹದಿನಾಲ್ಕ ಮಂದಿ ಇರೂದು ಈಗ ಹೊಸದಾಗಿ ನೋಡಾಕ್ಹತ್ತೀರೇನ್ರಿ ಬಾಯಾರ?"

ಮ್ಯಾನೇಜರನಿಗೆ ಕನ್ನಡ ಬಾರದು, ಆದರೂ ನಕ್ಕ. ನಗುತ್ತಲೇ ನನ್ನನ್ನು ಬದಿಗೆ ಕರೆದು ಮುಖ್ಯವಾದ ಮಾತು ಹೇಳಿದ. ಆ್ಯಪ್ ಸರಿಯಾಗಿ ಓಡಿದರೆ ಸಾರಿಗೆ ಮೇಜನ್ನು ಮುಚ್ಚುವುದು, ಕಾಕಾನನ್ನು ಭಿವಂಡಿಯ ಗೋದಾಮಿಗೆ ಕಳಿಸುವುದು. ಕಾಕಾನ ಮನೆ ವಿಕ್ರೋಳಿ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ. ಕಾರ್ಖಾನೆಗೆ ನಡೆದು ಬರುವ ಮನುಷ್ಯ. ನಿವೃತ್ತಿಗೆ ಇನ್ನು ಮೂರು ವರ್ಷ. ಆ ಮೂರು ವರ್ಷ ದಿನಾ ಲೋಕಲ್ ಒಂದು, ಬಸ್ಸೊಂದು, ಹಂಚಿಕೊಳ್ಳುವ ರಿಕ್ಷಾ ಒಂದು, ಮತ್ತೆ ಸಂಜೆ ಅದೇ ತಿರುವುಮುರುವು. ಇದನ್ನು ಕೇಳಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹದಿನಾಲ್ಕು ಮಂದಿಯ ಮಾತು ಇನ್ನೂ ಚುಚ್ಚುತ್ತಿತ್ತು. ಜೊತೆಗೆ, ಕೆಲಸ ಚೆನ್ನಾಗಿ ಆದರೆ ನನ್ನ ಬಡ್ತಿಯ ಕಡತ ಮೇಲೆ ಹೋಗುತ್ತದೆ ಎಂದೂ ಅವನು ಸೂಚಿಸಿದ್ದ.

ಕೆಲಸ ಸುಲಭ ಎಂದುಕೊಂಡೆ. ನಮ್ಮ ಡೇಟಾಬೇಸಿನಲ್ಲಿ ಇಂಥ ಸರವನ್ನು ಒಡೆಯಲೆಂದೇ ಒಂದು ಫಂಕ್ಷನ್ ಇದೆ. ಸರ ಕೊಡಬೇಕು, ಯಾವ ಚಿಹ್ನೆಯ ಹತ್ತಿರ ಕತ್ತರಿಸಬೇಕೆಂದು ಹೇಳಬೇಕು, ತುಂಡುಗಳು ಒಂದರ ಕೆಳಗೊಂದು ಸಾಲಾಗಿ ಬೀಳುತ್ತವೆ. ಅದಕ್ಕೆ ಬೇಕಾದದ್ದು ಒಂದೇ ಒಂದು ಚಿಹ್ನೆ, ಹಾಗಾಗಿ ಮೊದಲು ಅಡ್ಡಗೆರೆಗಳನ್ನೆಲ್ಲ ಅಲ್ಪವಿರಾಮಕ್ಕೆ ಬದಲಿಸಿದೆ. ಎರಡು ಅಲ್ಪವಿರಾಮ ಒಟ್ಟಿಗೆ ಇದ್ದ ಕಡೆ ನಡುವೆ ಏನೂ ಇಲ್ಲದ ಖಾಲಿ ತುಂಡುಗಳು ಬಿದ್ದವು. ಕಾಕಾನ ಬೆರಳು ಜಾರಿದೆ ಎಂದು ಖಾಲಿ ತುಂಡುಗಳನ್ನು ಸೋಸಿ ಹಾಕಿದೆ. ನಾಲ್ಕನೇ ಬಸ್ಸಿನಲ್ಲಿ ದಿಂಡೋಶಿ ನಾಕಾ, ಅಂದರೆ ದಿಂಡೋಶಿಯ ಸರ್ಕಲ್, ಎರಡು ಸಲ ಬಂದಿತ್ತು. ವಯಸ್ಸಾಯಿತು, ಮರೆತು ಎರಡು ಸಲ ಬರೆದಿದ್ದಾರೆ ಎಂದು, ಒಂದೇ ಬಗೆಯ ಸಾಲುಗಳನ್ನು ಒಂದೇ ಮಾಡುವ ಡಿಸ್ಟಿಂಕ್ಟ್ ಎಂಬ ಪದವನ್ನು ಕ್ವೆರಿಯ ತಲೆಯ ಮೇಲೆ ಇಟ್ಟೆ. ಎಲ್ಲ ಚೊಕ್ಕಟವಾಯಿತು. ಮನೆ ಗುಡಿಸಿದಷ್ಟು ಸಮಾಧಾನವಾಯಿತು.

ಶುಕ್ರವಾರ ದೊಡ್ಡ ಪರದೆಯ ಮೇಲೆ ತೋರಿಸಿದೆ. ಮ್ಯಾನೇಜರ್ ಮೊದಲು ಕೊನೆಯ ಸಾಲನ್ನು ನೋಡಿದ. ವಿಕ್ರೋಳಿ. ಸರಿಯಾಗಿತ್ತು, ಬಸ್ಸು ಬರಬೇಕಾದದ್ದೇ ಅಲ್ಲಿಗೆ. ಅವನು ತಲೆಯಾಡಿಸಿದ, ನಾನೂ ಆಡಿಸಿದೆ. ನಾಲ್ಕನೇ ಬಸ್ಸಿನ ಡ್ರೈವರ್ ಮಾತ್ರ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದ.

"ಸಾಬ್, ಪೆಹಲೇ ಆರೇ ಜಾನೇ ಕಾ? ಬಾದ್ ಮೇ ಬೊರಿವಲಿ?" ಎಂದ. ಆಮೇಲೆ ಬಹಳ ವಿನಯದಿಂದ ಸೇರಿಸಿದ, "ಉಧರ್ ಸುಬಹ್ ಸುಬಹ್ ತೇಂದುವಾ ಬೈಠೇಗಾ ಕ್ಯಾ ಗಾಡಿ ಮೇ?"

ಆರೇ ಎಂದರೆ ಕಾಡು. ಅಲ್ಲಿ ಬೆಳಗಿನ ಜಾವ ಬಸ್ಸಿಗೆ ಕಾಯುವುದು ಯಾರಾದರೂ ಇದ್ದರೆ ಅದು ಚಿರತೆಯೇ. ನನ್ನ ಡಿಸ್ಟಿಂಕ್ಟ್ ಎರಡನ್ನು ಒಂದು ಮಾಡುವ ಅವಸರದಲ್ಲಿ ಎಲ್ಲ ನಿಲ್ದಾಣಗಳನ್ನೂ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟಿತ್ತು. ಬಸ್ಸು ಆರೇ ಕಾಡಿನಲ್ಲಿ ಹುಟ್ಟಿ, ಬೊರಿವಲಿಗೆ ಹಿಂದೆ ಓಡಿ, ದಿಂಡೋಶಿಗೆ ಬಂದು, ಕಾಂಜೂರಿಗೆ ಹಾರಿ, ಮತ್ತೆ ಕುರಾರಕ್ಕೆ ವಾಪಸ್ಸು. ವಿಕ್ರೋಳಿಯ ಅಕ್ಷರ ಕೊನೆಗೆ ಬರುವುದರಿಂದ ಅದೊಂದು ತಾನಾಗಿ ಸರಿ ಜಾಗದಲ್ಲಿ ನಿಂತು ನನ್ನ ಮರ್ಯಾದೆ ಅರ್ಧ ನಿಮಿಷ ಕಾಪಾಡಿತ್ತು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೆ ಅಳು ಬರುವುದೊಂದು ಬಾಕಿ.

ಅದನ್ನು ಸರಿಪಡಿಸುವುದು ಕಷ್ಟವಿರಲಿಲ್ಲ. ಅದೇ ಫಂಕ್ಷನ್ನಿಗೆ ಕೊನೆಯಲ್ಲಿ ಒಂದು ಎಂಬ ಅಂಕೆ ಕೊಟ್ಟರೆ, ಪ್ರತಿ ತುಂಡಿನ ಜೊತೆ ಅದು ಎಷ್ಟನೆಯದು ಎಂಬ ಕ್ರಮಸಂಖ್ಯೆಯನ್ನೂ ಕೊಡುತ್ತದೆ. ಡಿಸ್ಟಿಂಕ್ಟ್ ತೆಗೆದೆ, ಕ್ರಮಸಂಖ್ಯೆಯ ಪ್ರಕಾರ ಜೋಡಿಸಿದೆ, ಎರಡು ಸಲ ಬಂದ ನಿಲ್ದಾಣದಲ್ಲಿ ಮೊದಲಿನದನ್ನು ಮಾತ್ರ ಉಳಿಸಿಕೊಂಡೆ. ಡ್ರೈವರನಿಗೆ ಪಟ್ಟಿ ತೋರಿಸಿದೆ. ಬೊರಿವಲಿ ಮೊದಲಿಗಿದೆ ಎಂದು ಅವನು ಒಪ್ಪಿದ. ಕಾಕಾನನ್ನು ಕೇಳಲಿಲ್ಲ. ಅವರ ಮೇಜಿನ ಮುಂದೆ ದಿನಕ್ಕೆ ನಾಲ್ಕು ಸಲ ಹಾಯ್ದುಹೋದೆ, ಕೇಳಲಿಲ್ಲ.

ಸೋಮವಾರ ಟ್ಯಾಬ್ಲೆಟ್ ಶುರುವಾಯಿತು. ನಾನು ನನ್ನ ಕಿಟಕಿಯ ಹತ್ತಿರ ಕೂತು, ನನ್ನ ಕ್ವೆರಿಯ ಮೇಲೆ ಭಾರ ಹಾಕಿ, ಎಂದಿನಂತೆ ಮಲಗಿದೆ. ಎಚ್ಚರವಾದದ್ದು ಟ್ರಾಫಿಕ್ ಪೊಲೀಸನ ಸೀಟಿಗೆ. ಹೆದ್ದಾರಿಯ ಫ್ಲೈಓವರ್ ಇಳಿಯುವಲ್ಲಿ, ಹಿಂದೆ ನೂರು ಗಾಡಿ ಹಾರ್ನು ಹೊಡೆಯುತ್ತಿರುವಾಗ, ನಮ್ಮ ಬಸ್ಸು ಬಾಗಿಲು ತೆರೆದುಕೊಂಡು ಆರಾಮವಾಗಿ ನಿಂತಿತ್ತು. ಪೊಲೀಸ ಕೇಳಿದ್ದಕ್ಕೆ ಡ್ರೈವರ್ ಟ್ಯಾಬ್ಲೆಟ್ ತೋರಿಸಿದ. ಅವನು ಡ್ರೈವರನ ಲೈಸೆನ್ಸ್ ಜೊತೆ ಟ್ಯಾಬ್ಲೆಟ್ಟಿನ ಲೈಸೆನ್ಸನ್ನೂ ಕೇಳಿದ. ಒಂದೇ ನಿಮಿಷದಲ್ಲಿ ಬಿಡಿಸಿಕೊಂಡ ಬಸ್ಸು ಟ್ಯಾಬ್ಲೆಟ್ಟಿನ ಹೊತ್ತನ್ನು ಹಿಡಿದು ಓಡಿತು, ನಾನು ಮತ್ತೆ ಮಲಗಿದೆ. ಗೇಟು ಮುಟ್ಟಿದಾಗ ಬಸ್ಸು ಅರ್ಧ ಖಾಲಿ. ಕುರಾರದ ಹೆಂಗಸರಲ್ಲಿ ಒಬ್ಬರೂ ಇಲ್ಲ, ದಿಂಡೋಶಿಯವರಲ್ಲಿ ಅರ್ಧ ಜನ ಇಲ್ಲ. ಅವರೆಲ್ಲ ರಿಕ್ಷಾ ಹಿಡಿದು, ಬಸ್ಸು ಬದಲಿಸಿ ಏಳೂವರೆಗೆ ಬಂದಿಳಿದರು. ಪಂಚಿಂಗ್ ಯಂತ್ರ ಎಲ್ಲರಿಗೂ ಲೇಟ್ ಎಂದು ಕೆಂಪು ದೀಪ ತೋರಿಸಿತು. ಮೂರು ಲೇಟಿಗೆ ಒಂದು ರಜೆ ಹೋಗುತ್ತದೆ.

ಅಷ್ಟೂ ಹೆಂಗಸರು ನೇರ ಸಾರಿಗೆ ಮೇಜಿಗೆ ನುಗ್ಗಿದರು. ಮರಾಠಿ, ಹಿಂದಿ, ಭೋಜಪುರಿ, ನಮ್ಮ ಕಡೆಯ ಇಬ್ಬರಿಂದ ಅಚ್ಚ ಕನ್ನಡ, ನಾಲ್ಕೂ ಭಾಷೆಯಲ್ಲಿ ಕಾಕಾನಿಗೆ ಮಂಗಳಾರತಿಯಾಯಿತು. ಅವರು ಕೈಕಟ್ಟಿ ನಿಂತು ಕೇಳಿಸಿಕೊಂಡರು. ಹತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ. ಈ ಕೆಲಸ ಆಕೆಯದು ಎಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ನನಗೆ ನಾಚಿಕೆಯಾಯಿತು, ನಾಚಿಕೆಯ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮ್ಯಾನೇಜರ್ ನನ್ನನ್ನು ಒಳಗೆ ಕರೆದ. "ಮೇಡಂ, ಡೇಟಾ ಹೀ ಕಚರಾ ಥಾ ನಾ?" ಎಂದ. ಅದು ಪ್ರಶ್ನೆಯಲ್ಲ, ದಾರಿ ತೋರಿಸುವುದು. ಮೂಲ ಮಾಹಿತಿಯೇ ಕಸ, ಅದನ್ನು ಬರೆದವರದು ತಪ್ಪು ಎಂದು ಬುಧವಾರದೊಳಗೆ ನಾನು ವರದಿ ಕೊಟ್ಟರೆ ಮುಗಿಯಿತು. ಆ್ಯಪಿಗೂ ಕಲೆಯಿಲ್ಲ, ನನಗೂ ಇಲ್ಲ. ಕಾಕಾ ಬೇಗ ಭಿವಂಡಿಗೆ ಹೋಗುತ್ತಾರೆ, ಅಷ್ಟೆ.

ಸಂಜೆ ಕಾಕಾನ ಮೇಜಿಗೆ ಹೋದೆ. "ದಿಂಡೋಶಿ ಎರಡು ಸಲ ಯಾಕ ಬರದೀರಿ? ಒಂದ ಕಡೆ ಕಾಮಾ, ಒಂದ ಕಡೆ ಗೆರಿ ಯಾಕ್ರಿ? ನನಗ ಮೊದಲs ಹೇಳೂದಲ್ಲೇನು?"

"ನೀವು ಕೇಳ್ಲೇ ಇಲ್ಲಲ್ರಿ," ಎಂದರು ಕಾಕಾ, ಸಿಟ್ಟಿಲ್ಲದೆ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದಿಟ್ಟು ಹೇಳಿದರು, "ಬಾಯಿಲೆ ಹೇಳೂದು ಅಲ್ರಿ ಇದು. ನಾಳೆ ಬಸ್ಸಿನ್ಯಾಗ ಮಕ್ಕೋಬ್ಯಾಡ್ರಿ. ನಾ ಬರ್ತೀನಿ. ನನ್ನ ಬಾಜೂಕ ಕುಂದರ್ರಿ."

ನಾನು ಮಲಗುವುದು ಅವರಿಗೂ ಗೊತ್ತಿತ್ತು.

ಮಂಗಳವಾರ ಅವರು ವಿಕ್ರೋಳಿಯಿಂದ ಮೊದಲ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಐದೂವರೆಗೆ ಬೊರಿವಲಿಯಲ್ಲಿ ನನಗಿಂತ ಮುಂಚೆ ನಿಂತಿದ್ದರು. ಟ್ಯಾಬ್ಲೆಟ್ ಬಂದ್. ಡ್ರೈವರ್ ಹಳೆಯ ರೀತಿಯಲ್ಲಿ ಓಡಿಸಿದ. ಒಂಬತ್ತು ವರ್ಷಗಳ ನಂತರ ನಾನು ನಾಲ್ಕನೇ ನಂಬರಿನ ಬಸ್ಸನ್ನು ಮೊದಲ ಸಲ ನೋಡಿದೆ. ಅದೇ ಫ್ಲೈಓವರಿನ ಕೆಳಗೆ ಬಂದಾಗ ಬಸ್ಸು ನಿಲ್ಲಲಿಲ್ಲ, ಸ್ವಲ್ಪ ನಿಧಾನವಾಯಿತು. ಲೇತ್ ವಿಭಾಗದ ಮೂವರು ಗಂಡಸರು ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ, ಕಂಬಿ ಹಿಡಿದು, ಒಬ್ಬರ ಹಿಂದೊಬ್ಬರು ಒಳಗೆ ಬಂದು ಬಿದ್ದರು.

"ಇದs ನೋಡ್ರಿ ಗೆರಿ," ಎಂದರು ಕಾಕಾ. "ಇಲ್ಲಿ ಗಾಡಿ ನಿಂದರೂದಿಲ್ಲ. ನಿಂತ್ರ ಪೊಲೀಸ ಹಿಡೀತಾನ. ಜರಾ ಸ್ಲೋ ಆಗತೈತಿ, ಹತ್ತಾವ್ರು ಹತ್ತತಾರ. ಹೆಣ್ಣಮಕ್ಕಳಿಗೆ, ವಯಸ್ಸಾದವ್ರಿಗೆ ನಾ ಗೆರಿ ಕೊಡೂದಿಲ್ಲ, ಕಾಮಾ ಕೊಡ್ತೀನಿ."

ಕುರಾರದಲ್ಲಿ ಬಸ್ಸು ನಿಂತಿತು. ಯಾರೂ ಇರಲಿಲ್ಲ. ಮತ್ತೂ ನಿಂತೇ ಇತ್ತು. ನನ್ನ ಪಟ್ಟಿಯ ಪ್ರಕಾರ ಇಷ್ಟು ಹೊತ್ತಿಗೆ ಹೊರಟಾಗಿತ್ತು. ಕಾಕಾ ಗುಡ್ಡದ ಕಡೆ ಕೈ ತೋರಿಸಿದರು. ಮೇಲಿನ ಚಾಳಿನ ಮೆಟ್ಟಿಲುಗಳಲ್ಲಿ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ದಡದಡ ಇಳಿದು ಬರುತ್ತಿದ್ದರು. ಮೇಲೆ ನಳಕ್ಕೆ ನೀರು ಬರುವುದು ಬೆಳಗಿನ ಅಷ್ಟೇ ಹೊತ್ತು. ಕೊನೆಯ ಕೊಡ ತುಂಬಿ ಒಳಗಿಟ್ಟು ಇಳಿಯಲು ಎರಡು ನಿಮಿಷ ಹೆಚ್ಚು ಬೇಕು.

ನಾನು ಸೋಸಿ ಹಾಕಿದ ಖಾಲಿ ತುಂಡು ಅದು. ಎರಡು ಅಲ್ಪವಿರಾಮದ ನಡುವೆ ಏನೂ ಬರೆಯದೆ ಕಾಕಾ ಆ ಎರಡು ನಿಮಿಷವನ್ನು ಇಟ್ಟಿದ್ದರು. ಡೇಟಾಬೇಸಿನವರು ನಾವು ಖಾಲಿ ಎಂದರೆ ಏನೂ ಇಲ್ಲ ಎಂದುಕೊಳ್ಳುತ್ತೇವೆ.

ದಿಂಡೋಶಿಯ ನಾಕಾದಲ್ಲಿ ಬಸ್ಸು ಒಮ್ಮೆ ನಿಂತು, ಒಳಗಿನ ಕಾಲೊನಿಗೆ ಹೋಗಿ, ಸುತ್ತು ಹಾಕಿಕೊಂಡು ಅದೇ ನಾಕಾಕ್ಕೆ ಮತ್ತೆ ಬಂತು. ಮೊದಲ ಸಲ ಅರ್ಧ ಜನ ಹತ್ತಿದರು, ಎರಡನೇ ಸಲ ಉಳಿದರ್ಧ. ಎಲ್ಲರೂ ಮೊದಲೇ ಯಾಕೆ ಹತ್ತುವುದಿಲ್ಲ ಎಂದು ಕೇಳಿದೆ.

"ಮೊದಲ ಹತ್ತಿದವ್ರಿಗೆ ಸೀಟು ಸಿಗತೈತಿ, ಆಮ್ಯಾಲ ಹತ್ತಿದವ್ರಿಗೆ ಹತ್ತು ಮಿನಿಟು ನಿದ್ದಿ ಸಿಗತೈತಿ. ಯಾರಿಗೆ ಏನ್ ಬೇಕು ಅವ್ರ ನೋಡ್ಕೋತಾರ," ಎಂದು ನನ್ನ ಮುಖ ನೋಡಿದರು. "ನಿಮಗ ಎರಡೂ ಸಿಕ್ಕಾವ ಬಿಡ್ರಿ."

ಆ ದಿನ ಮಧ್ಯಾಹ್ನ ವರದಿ ಬರೆಯಲು ಕೂತೆ. ಕಸ ಎಂಬ ಒಂದು ಪದ ಬರೆದರೆ ನಾನು ಪಾರು. ಬಡ್ತಿಯ ಆಸೆ ನನಗಿರಲಿಲ್ಲ ಎಂದರೆ ಯಾರೂ ನಂಬಬೇಡಿ; ಚಹಾ ತಣ್ಣಗಾಗುವವರೆಗೆ ಯೋಚಿಸಿದೆ. ಆಮೇಲೆ ಎರಡೇ ವಾಕ್ಯ ಬರೆದೆ. ಮೂಲ ಮಾಹಿತಿಯಲ್ಲಿ ದೋಷವಿಲ್ಲ. ಒಡೆಯುವಾಗ ನಾನು ಅದರ ಅರ್ಧ ಅರ್ಥವನ್ನು ಚೆಲ್ಲಿದ್ದೇನೆ.

ಬರೆದ ಮೇಲೆ ಹೊಸ ಕ್ವೆರಿಗೆ ಕೈ ಹಾಕಿದೆ. ಸಿದ್ಧ ಫಂಕ್ಷನ್ನಿಗೆ ಈ ಕೆಲಸ ಬರುವುದಿಲ್ಲ. ಅದು ಕತ್ತರಿಸಿದ ಚಿಹ್ನೆಯನ್ನು ಎಸೆದುಬಿಡುತ್ತದೆ. ಹಾಗಾಗಿ ಸರವನ್ನು ಒಂದೊಂದೇ ಅಕ್ಷರವಾಗಿ ಎಣಿಸುತ್ತ ಹೋಗಿ, ಎಲ್ಲೆಲ್ಲಿ ಚಿಹ್ನೆ ಇದೆಯೆಂದು ಗುರುತು ಹಾಕಿ, ಪ್ರತಿ ತುಂಡಿನ ಜೊತೆ ಅದರ ಹಿಂದಿನ ಚಿಹ್ನೆಯನ್ನೂ ಹಿಡಿದಿಟ್ಟುಕೊಳ್ಳುವಂತೆ ಬರೆದೆ. ಅಲ್ಪವಿರಾಮವಾದರೆ ನಿಲ್ಲು, ಅಡ್ಡಗೆರೆಯಾದರೆ ನಿಧಾನಿಸು, ಖಾಲಿ ತುಂಡಾದರೆ ಅದರ ಹಿಂದಿನ ನಿಲ್ದಾಣದಲ್ಲಿ ಎರಡು ನಿಮಿಷ ಕಾಯಿ. ಎರಡು ಸಲ ಬಂದದ್ದು ಎರಡು ಸಲವೇ ಇರಲಿ. ಬುಧವಾರ ಮಧ್ಯಾಹ್ನ ಇಪ್ಪತ್ತಾರೂ ಬಸ್ಸು ಸರಿಯಾಗಿ ಬಿದ್ದವು. ನನ್ನ ಬದುಕಿನಲ್ಲಿ ಇಷ್ಟು ಚೆಂದದ ಕ್ವೆರಿ ನಾನು ಬರೆದಿರಲಿಲ್ಲ.

ಅದೇ ಕುತ್ತಾಯಿತು. ಮ್ಯಾನೇಜರ್ ವರದಿಯ ಎರಡು ವಾಕ್ಯಕ್ಕೆ ಮುಖ ಸಿಂಡರಿಸಿದ, ಹೊಸ ಪಟ್ಟಿ ನೋಡಿ ಅರಳಿದ. ಕಾಕಾನ ತಲೆಯಲ್ಲಿದ್ದದ್ದೆಲ್ಲ ಈಗ ಡೇಟಾಬೇಸಿನ ಟೇಬಲಿಗೆ ಬಂತಲ್ಲ, ಇನ್ನು ಕಾಕಾ ಯಾಕೆ? ಗುರುವಾರ ತಾನೇ ನಾಲ್ಕನೇ ಬಸ್ಸಿನಲ್ಲಿ ಬಂದು ನೋಡುವುದಾಗಿ ಹೇಳಿದ. ಅದೇ ದಿನ ಕಾಕಾ ಭಿವಂಡಿಗೆ ಹೋಗಿ ಗೋದಾಮು ನೋಡಿಕೊಂಡು ಬರಲಿ ಎಂದು ಅಪ್ಪಣೆಯಾಯಿತು. ಕಾಕಾನನ್ನು ಉಳಿಸಲು ಹೋಗಿ ಅವರನ್ನು ಗಂಟುಮೂಟೆ ಸಮೇತ ಸಾಗಹಾಕುವ ಪಟ್ಟಿ ನಾನೇ ಮಾಡಿಕೊಟ್ಟಿದ್ದೆ. ಅವರಿಗೆ ಹೇಳಿದಾಗ "ಹೂಂ, ನೋಡ್ಕೊಂಡ ಬರ್ತೀನ್ರಿ," ಎಂದಷ್ಟೇ ಅಂದು ಫೋನಿನ ಚಾರ್ಜರ್ ಚೀಲಕ್ಕೆ ಹಾಕಿಕೊಂಡರು.

ಗುರುವಾರ ಫ್ಲೈಓವರಿನ ಕೆಳಗೆ ಮೂವರು ಓಡಿ ಹತ್ತಿದರು. ಮ್ಯಾನೇಜರ್ ಚಪ್ಪಾಳೆ ತಟ್ಟುವುದೊಂದು ಬಾಕಿ. ಕುರಾರದಲ್ಲಿ ಬಸ್ಸು ನಿಂತಿತು. ಟ್ಯಾಬ್ಲೆಟ್ ಎರಡು ನಿಮಿಷ ಎಣಿಸಿತು. ಮೆಟ್ಟಿಲಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಹೊರಡು ಎಂದಿತು ಟ್ಯಾಬ್ಲೆಟ್. ಡ್ರೈವರ್ ಗೇರು ಹಾಕಿ, ಹಾಕಿದ ಗೇರನ್ನು ಹಿಡಿದುಕೊಂಡೇ ಕನ್ನಡಿಯಲ್ಲಿ ಮ್ಯಾನೇಜರನನ್ನು ನೋಡಿದ.

"ಸಾಬ್, ಗುರುವಾರ್ ಕೋ ಕಾಕಾ ಕಾ ಫೋನ್ ಆತಾ ಹೈ. ಕಿತನಾ ರುಕನೇ ಕಾ, ವೋ ಬತಾತೇ ಹೈ."

"ಆಜ್ ಆಯಾ?"

"ಆಜ್ ಆಪ್ ಬೈಠೇ ಹೈ ನಾ," ಎಂದ ಡ್ರೈವರ್. ಗುರುವಾರ ಎಷ್ಟು ಹೊತ್ತು ನಿಲ್ಲಬೇಕೆಂದು ಫೋನಿನಲ್ಲಿ ಹೇಳುವವರು ಕಾಕಾ; ಇವತ್ತು ಮ್ಯಾನೇಜರನೇ ಬಸ್ಸಿನಲ್ಲಿ ಕೂತಿರುವಾಗ ಆ ಫೋನು ಬಂದಿರಲಿಲ್ಲ.

ಹೊರಟರೆ ಆ ಹೆಂಗಸರಿಗೆ ಅದೇ ವಾರದಲ್ಲಿ ಎರಡನೇ ಲೇಟು. ನಿಂತರೆ ಬಸ್ಸಿನಲ್ಲಿದ್ದವರಿಗೆಲ್ಲ ಲೇಟು, ಅವರಲ್ಲಿ ಮ್ಯಾನೇಜರನೂ ಒಬ್ಬ. ಅವನು ನನ್ನ ಕಡೆ ನೋಡಿದ. ನನ್ನ ಟೇಬಲಿನಲ್ಲಿ ಗುರುವಾರ ಎಂಬ ಅಂಕಣವೇ ಇರಲಿಲ್ಲ. ಕಾಕಾನಿಗೆ ಫೋನು ಮಾಡಿ ಎಂದೆ. ಮಾಡಿದ. ಆ ಕಡೆಯಿಂದ ಠಾಣೆಯ ಹಾದಿಯ ಲೋಕಲಿನ ಗದ್ದಲದಲ್ಲಿ ಕಾಕಾನ ದನಿ ಕೇಳಿತು. ಗುರುವಾರ ಗುಡ್ಡದ ಮೇಲೆ ನೀರು ತಡ. ಎಷ್ಟು ತಡ ಎಂಬುದು ವಾರವಾರಕ್ಕೂ ಬೇರೆ. ಮೇಲಿನ ಚಾಳಿನ ಒಬ್ಬಾಕೆಗೆ ಅವರು ನಸುಕಿನಲ್ಲೇ ಎಂದಿನಂತೆ ಫೋನು ಮಾಡಿ ಕೇಳಿಯೂ ಆಗಿತ್ತು. ಇವತ್ತು ಒಂಬತ್ತು ನಿಮಿಷ. ಕಾಂಜೂರಿನ ಒಳಗೆ ಹೋಗುವುದು ಬೇಡ, ಗುರುವಾರ ಅಲ್ಲಿಯವರದು ಎರಡನೇ ಪಾಳಿ, ಅಲ್ಲಿ ಉಳಿದ ಹೊತ್ತು ಇಲ್ಲಿಗೆ ಸರಿಹೋಗುತ್ತದೆ. ಇಷ್ಟನ್ನು ಹೇಳಿ, ಗರ್ದಿ ಇದೆ ಸಾಬ್ ಎಂದು ಫೋನು ಇಟ್ಟರು.

ಮ್ಯಾನೇಜರ್ ತಾನೇ ಕೈ ಚಾಚಿ ಟ್ಯಾಬ್ಲೆಟ್ ಬಂದ್ ಮಾಡಿದ. ಏಳು ನಿಮಿಷ ಬಾಗಿಲಲ್ಲಿ ನಿಂತು ಗುಡ್ಡ ನೋಡಿದ. ಹೆಂಗಸರು ಇಳಿದು ಬಂದರು, ಅವನನ್ನು ಹೊಸ ಕ್ಲೀನರ್ ಎಂದುಕೊಂಡು "ಏ ದಾದಾ, ಬಾಜೂಲಾ ಹೋ" ಎಂದು ತಳ್ಳಿ ಒಳಗೆ ಹೋದರು. ಏಳಕ್ಕೆ ಎರಡು ನಿಮಿಷ ಇರುವಾಗ ಗೇಟು ಮುಟ್ಟಿದೆವು. ಒಂದು ಕೆಂಪು ದೀಪವೂ ಹತ್ತಲಿಲ್ಲ.

ಶುಕ್ರವಾರ ಕಾಕಾ ತಗಡಿನ ಮಾಡಿನ ಕೆಳಗೆ ತಮ್ಮ ಕುರ್ಚಿಯಲ್ಲೇ ಕೂತಿದ್ದರು. ಸಾರಿಗೆ ಮೇಜು ಮುಂದುವರಿಯುತ್ತದೆ, ಆ್ಯಪಿಗೆ ದಿನದ ಬದಲಾವಣೆಗಳನ್ನು ಅಲ್ಲಿಂದಲೇ ಕೊಡತಕ್ಕದ್ದು ಎಂದು ನೋಟೀಸ್ ಬೋರ್ಡಿನಲ್ಲಿ ಎರಡು ಸಾಲು ಬಂದಿತ್ತು. ನನ್ನ ಬಡ್ತಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಿವಂಡಿ ಹೇಗಿತ್ತು ಎಂದು ಕೇಳಿದರೆ, ಗೋದಾಮಿನಲ್ಲಿ ಫ್ಯಾನು ಚೆನ್ನಾಗಿದೆ, ಮಾತಾಡಲು ಮಂದಿಯಿಲ್ಲ ಎಂದರು. ಅವರು ಅಲ್ಲಿ ಕೂತಿರುವುದನ್ನು ನೋಡಿ ನನಗೆ ಎಷ್ಟು ಹಗುರವಾಯಿತೆಂದರೆ, ಹಗುರವಾದ ಕೂಡಲೇ ಜಗಳಕ್ಕೆ ನಿಂತೆ.

"ಅಲ್ರಿ ಕಾಕಾ, ಗುರುವಾರದ್ದು ನನಗ ಯಾಕ ಹೇಳಲಿಲ್ಲ? ರಾತ್ರಿ ಎಲ್ಲಾ ಕಣ್ಣ ಮುಚ್ಚದs ಬರದೇನ್ರಿ ನಾನು! ಅಷ್ಟು ಹೊತ್ತು ಬಾಜೂಕ ಕುಂಡ್ರಿಸಿಕೊಂಡು ಎಲ್ಲಾ ತೋರಿಸಿದ್ರಿ, ಇದೊಂದು ಮಾತು ಬಾಯಾಗ ಬರಲಿಲ್ಲೇನು?"

ಕಾಕಾ ಚಹಾವನ್ನು ಬಸಿಗೆ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದರು.

"ನೀವು ನನ್ನ ಕೂಡ ಬಂದಿದ್ದು ಮಂಗಳವಾರ ಅಲ್ರಿ ಬಾಯಾರ?"